ಆಗುಂಬೆ ಇಳಿದ ಕೈಗೆ ರಾಕಿ ಪರ್ವತದ ರಸ್ತೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ವಯಸ್ಸು 61. ನಮ್ಮ ಮನೆಯವರಿಗೆ 57, ಬಿಪಿ ಮಾತ್ರೆ ತಗೊಳ್ತಾರೆ. ಮಗಳು, ಅಳಿಯ ಅಮೆರಿಕದ ಡೆನ್ವರ್‌ನಲ್ಲಿದ್ದಾರೆ. ಸೆಪ್ಟೆಂಬರ್ ಕೊನೆಗೆ ಅಲ್ಲಿಗೆ ಹೊರಟಿದ್ದೇವೆ. ಅವರಿಗೆ ರಜೆ ಇಲ್ಲ. ಹಾಗಾಗಿ ನಾವಿಬ್ಬರೇ ಬಾಡಿಗೆ ಕಾರು ಹಿಡಿದು ಎಂಟು ದಿನ ಸುತ್ತಬೇಕು ಅಂತಿದ್ದೇವೆ. ಡೆನ್ವರ್, ಎಸ್ಟೆಸ್ ಪಾರ್ಕ್ ಊರು, ರಾಕಿ ಪರ್ವತದ ಮೇಲೆ ಹೋಗುವ ಟ್ರೇಲ್ ರಿಜ್ ರಸ್ತೆ, ಆಮೇಲೆ ಯೂಟಾ ರಾಜ್ಯದ ಮರುಭೂಮಿ ಕಡೆಯ ಮೋಆಬ್, ಬ್ರೈಸ್ ಕ್ಯಾನಿಯನ್, ಜಯಾನ್, ವಾಪಸ್ ಡೆನ್ವರ್. ಆಗುಂಬೆ ಘಾಟಿಯಲ್ಲಿ 30 ವರ್ಷದಿಂದ ಗಾಡಿ ಓಡಿಸಿದ್ದೇನೆ. ಆದರೂ ಅಲ್ಲಿನ ತಿರುವುಗಳ ವಿಡಿಯೊ ನೋಡಿ ಹೆದರಿಕೆ ಆಗಿದೆ. ಬಹಳ ಕಡೆ ತಡೆಗೋಡೆಯೇ ಇಲ್ಲ. ಆಟೊಮ್ಯಾಟಿಕ್ ಗಾಡಿ ಇಳಿಜಾರಿನಲ್ಲಿ ಹಿಡಿತಕ್ಕೆ ಸಿಗಲ್ಲ ಅಂತಾರೆ. ಮರುಭೂಮಿಯಲ್ಲಿ ಟೈರಿನ ಗಾಳಿ ಇಳಿಸಬೇಕಂತೆ, ಏಸಿ ಹಾಕಬಾರದಂತೆ, ಬೆಟ್ಟದ ಮೇಲೆ ಕರ್ಪೂರ ಮೂಸುತ್ತಿರಬೇಕಂತೆ. ಒಬ್ಬೊಬ್ಬರದು ಒಂದೊಂದು ಮಾತು. ಯಾವುದು ನಿಜ? ಮನೆಯವರದು ಒಂದೇ ಪ್ರಶ್ನೆ: ಅಲ್ಲಿಗೆ ಕೊಡೆ ಬೇಕಾ?

ಉತ್ತರ: ತಿರುವಿನ ವಿಷಯ ಮೊದಲು ಮುಗಿಸಿಬಿಡೋಣ. ನಾನು ಶಿವಮೊಗ್ಗದಲ್ಲಿ 27 ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ, ಡ್ರೈವಿಂಗೂ ಕಲಿಸುತ್ತೇನೆ. ನೀವು ಬರೆದ ದಾರಿಯಲ್ಲಿ ನಾನೂ ನನ್ನ ಹೆಂಡತಿಯೂ ಎರಡು ಸಲ ಹೋಗಿ ಬಂದಿದ್ದೇವೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಮಳೆಗಾಲದ ಮಂಜಿನಲ್ಲಿ, ಎದುರಿಗೆ ಬಸ್ಸು ಬರುವಾಗ ಇಳಿಸಿದವರಿಗೆ ಟ್ರೇಲ್ ರಿಜ್‌ನ ತಿರುವು ಕಷ್ಟ ಆಗಲ್ಲ. ಅದು ಅಗಲವಾದ ಎರಡು ಲೇನಿನ ರಸ್ತೆ. ಏರು ಎಲ್ಲೂ ನೂರು ಮೀಟರಿಗೆ 7 ಮೀಟರ್ ದಾಟುವುದಿಲ್ಲ. ತಡೆಗೋಡೆ ಇಲ್ಲದ್ದು ನಿಜ. ಕಣ್ಣಿಗೆ ಹೆದರಿಕೆ ಆಗುವುದೂ ನಿಜ. ಆದರೆ ನಿಮ್ಮ ಕೈಗೆ ಆ ಕೆಲಸ ಗೊತ್ತಿದೆ.

ನನ್ನ ಅನುಭವದಲ್ಲಿ ನೀವು ಹೆದರುತ್ತಿರುವ ಜಾಗ ಬೇರೆ, ಹುಷಾರಾಗಿರಬೇಕಾದ ಜಾಗ ಬೇರೆ. ನಮ್ಮ ಮಲೆನಾಡಿನ ಡ್ರೈವರ್‌ಗೆ ತಿರುವು, ಮಂಜು, ಜಾರು ರಸ್ತೆ ಎಲ್ಲ ಗೊತ್ತು. ಗೊತ್ತಿಲ್ಲದ್ದು ಎತ್ತರ, ಒಣಹವೆ, ಮತ್ತೆ ಆ ದೂರ. ಈ ಮೂರನ್ನು ನಮ್ಮ ಊರು ನಮಗೆ ಯಾವತ್ತೂ ಕಲಿಸಿಲ್ಲ.

ಅದಕ್ಕೂ ಮೊದಲು ಬ್ರೇಕಿನ ಮಾತು. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ.

ಟ್ರೇಲ್ ರಿಜ್‌ನ ತುದಿ 3,713 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಎಸ್ಟೆಸ್ ಪಾರ್ಕಿಗೆ ವಾಪಸ್ ಇಳಿದರೆ ಸುಮಾರು 1,400 ಮೀಟರ್ ಇಳಿತ. ಆಗುಂಬೆ ಘಾಟಿಯ ಎರಡು ಪಟ್ಟಿಗಿಂತ ಜಾಸ್ತಿ. ಬ್ರೇಕ್ ಮೇಲೆ ಕಾಲಿಟ್ಟೇ ಅಷ್ಟು ದೂರ ಇಳಿದರೆ ಪ್ಯಾಡು, ಡಿಸ್ಕು ಕಾದು ಕೆಂಡ ಆಗುತ್ತವೆ. ಆ ಶಾಖ ಬ್ರೇಕ್ ಆಯಿಲ್‌ಗೆ ಹೋಗುತ್ತದೆ. ಡಾಟ್ 4 ಅನ್ನುವ ಮಾನದಂಡದ ಹೊಸ ಬ್ರೇಕ್ ಆಯಿಲ್ ಕುದಿಯುವುದು 230 ಡಿಗ್ರಿ ದಾಟಿದ ಮೇಲೆ. ಆದರೆ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನಂಶ ಹೀರಿಕೊಳ್ಳುತ್ತದೆ. ನೀರು ಸೇರಿದ ಆಯಿಲ್‌ಗೆ ಆ ಮಾನದಂಡ ಕೊಡುವ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಪೈಪಿನಲ್ಲಿ ಹಬೆಯ ಗುಳ್ಳೆ ಏಳುತ್ತದೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೇ, ಚಕ್ರ ನಿಲ್ಲಲ್ಲ. ಕಾಲು ನೆಲದವರೆಗೂ ಹೋಗುತ್ತದೆ.

ಕೆಲವು ವರ್ಷದ ಹಿಂದೆ ಆಗುಂಬೆ ಇಳಿಯುವಾಗ ಕೆಳಗಿನ ತಿರುವುಗಳಲ್ಲಿ ಹೀಗೇ ಪೆಡಲ್ ಕುಸಿದ ಕಾರೊಂದು ನನ್ನ ಗ್ಯಾರೇಜಿಗೆ ಬಂತು. ಒಂದು ಸಂಸಾರ, ಇಬ್ಬರು ಸಣ್ಣ ಮಕ್ಕಳು. ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಗೆ ಉಜ್ಜಿ ನಿಲ್ಲಿಸಿದ್ದರು. ಬ್ರೇಕ್ ಆಯಿಲ್ ಬಿಚ್ಚಿದರೆ ಕಾಫಿ ಡಿಕಾಕ್ಷನ್ ಬಣ್ಣ. ಏಳು ವರ್ಷ ಬದಲಾಯಿಸಿರಲಿಲ್ಲ. ನಮ್ಮ ತೇವದ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಇದನ್ನು ನಿಮ್ಮ ಊರಿನ ಗಾಡಿಗೂ ಹೇಳುತ್ತಿದ್ದೇನೆ. ಆ ಮಕ್ಕಳ ಮುಖ ನೆನಪಾದಾಗಲೆಲ್ಲ ಯಾರಿಗಾದರೂ ಈ ಮಾತು ಹೇಳಿಬಿಡುತ್ತೇನೆ.

ಬಾಡಿಗೆ ಕಾರಿನ ಆಯಿಲ್ ನಿಮ್ಮ ಕೈಯಲ್ಲಿಲ್ಲ. ಗೇರ್ ನಿಮ್ಮ ಕೈಯಲ್ಲಿದೆ. ಆಟೊಮ್ಯಾಟಿಕ್ ಗಾಡಿ ಇಳಿಜಾರಿನಲ್ಲಿ ಹಿಡಿತಕ್ಕೆ ಸಿಗಲ್ಲ ಅನ್ನುವುದು ತಪ್ಪು. ಗೇರ್ ಲಿವರ್ ಹತ್ತಿರ ‘ಎಲ್’ ಅಂತ ಇರುತ್ತದೆ, ಇಲ್ಲವೇ ಪ್ಲಸ್, ಮೈನಸ್ ಗುರುತು ಇರುತ್ತದೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಕೆಳಗಿಳಿಸಿ. ಕಾಲು ತೆಗೆದಾಗ ಗಾಡಿ ತಾನಾಗಿಯೇ ವೇಗ ಹಿಡಿದಿಟ್ಟುಕೊಂಡರೆ ಅದೇ ಸರಿಯಾದ ಗೇರ್. ಎಂಜಿನ್ ಸದ್ದು ಜೋರಾಗುತ್ತದೆ. ಹೆದರಬೇಡಿ, ಅದು ಹಾಗೇ ಇರಬೇಕು. ವೇಗ ಜಾಸ್ತಿ ಆಯಿತು ಅನಿಸಿದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಸುಮ್ನೆ ಕಾಲು ಇಟ್ಟುಕೊಂಡು ಸವರುತ್ತಾ ಬರಬೇಡಿ. ಕಾರು ಕೈಗೆ ಬಂದ ದಿನವೇ, ಅಂಗಡಿಯವನ ಎದುರಿಗೇ, ಈ ಗೇರ್ ಹಾಕುವುದು ಹೇಗೆ ಅಂತ ಕೇಳಿಕೊಳ್ಳಿ.

ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ನಿಮಗಿದ್ದರೆ ಇಲ್ಲೇ ಬಿಟ್ಟು ಹೋಗಿ. ಈಗಿನ ಗಾಡಿಗಳಲ್ಲಿ ಗೇರ್‌ನಲ್ಲಿ ಇಳಿಯುವಾಗ ಎಂಜಿನ್‌ಗೆ ಹೆಚ್ಚುಕಡಿಮೆ ಪೆಟ್ರೋಲೇ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಓಡುತ್ತಿರಲು ಅದಕ್ಕೆ ಪೆಟ್ರೋಲ್ ಬೇಕು. ಅಂದರೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಕೊಲರಾಡೊದ ಪೈಕ್ಸ್ ಪೀಕ್ ಅನ್ನುವ ಬೆಟ್ಟದಲ್ಲಿ ಇಳಿಯುವ ಕಾರುಗಳನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ, ಬ್ರೇಕಿನ ಶಾಖ ಅಳೆದು, ಕಾದಿದ್ದರೆ ಆರುವವರೆಗೂ ಕೂರಿಸುತ್ತಾರೆ. ಅಷ್ಟು ಜನ ಈ ತಪ್ಪು ಮಾಡುತ್ತಾರೆ ಅಂತಲೇ ಆ ವ್ಯವಸ್ಥೆ.

ಟೈರಿನ ಗಾಳಿ ಇಳಿಸಬೇಡಿ. ಇದು ಅಪಾಯದ ಸಲಹೆ. ಬಿಸಿಗೆ ಒತ್ತಡ ಏರುವುದು ನಿಜ, ಐದಾರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ. ಆ ಏರಿಕೆಯನ್ನು ಲೆಕ್ಕ ಹಾಕಿಯೇ ಟೈರ್ ಮಾಡಿರುತ್ತಾರೆ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕ ಮಡಚಿ ಮಡಚಿ ಇನ್ನೂ ಕಾಯುತ್ತದೆ. ಒಡೆಯುವುದು ಆಗ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಅಂಕಿ ನೋಡಿ, ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಅಷ್ಟೇ ತುಂಬಿಸಿ. ಸ್ಟೆಪ್ನಿ ಇದೆಯಾ ಅಂತಲೂ ನೋಡಿ, ಈಗ ಎಷ್ಟೋ ಕಾರಲ್ಲಿ ಇರುವುದಿಲ್ಲ.

ಏಸಿಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಮರುಭೂಮಿ ಕಡೆ ಉದ್ದದ ಏರಿನಲ್ಲಿ ಏಸಿ ಆರಿಸಿ ಅಂತ ಫಲಕವೇ ಇದೆ. ಆದರೆ ನೀವು ಹೋಗುವ ದಾರಿಯಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ, ಒಳ್ಳೆಯ ಸ್ಥಿತಿಯ ಕಾರಿಗೆ ಏಸಿ ಹೊರೆಯಲ್ಲ. ಟೆಂಪರೇಚರ್ ಮುಳ್ಳು ಮೇಲೇರಿದರೆ ಮಾತ್ರ ಏಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ಸೆಕೆ ಆಗುತ್ತದೆ, ಆದರೆ ಎಂಜಿನ್ನಿನ ಬಿಸಿ ಹೀಟರ್ ಮೂಲಕ ಹೊರಗೆ ಹೋಗುತ್ತದೆ. ಜಾಗ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಇನ್ನೊಂದು, ಬೆಟ್ಟ ಏರುವಾಗ ಗಾಡಿ ಸೋತಂತೆ ಅನಿಸುತ್ತದೆ. ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ. ಗಾಳಿ ತೆಳು, ಅದಕ್ಕೆ ಎಂಜಿನ್ ಶಕ್ತಿ ಇಳಿಯುತ್ತದೆ. ಟರ್ಬೊ ಇಲ್ಲದ ಗಾಡಿಯಲ್ಲಿ ತುದಿಯ ಹತ್ತಿರ ಮೂರರಲ್ಲಿ ಒಂದು ಪಾಲು ಹೋಗಿರುತ್ತದೆ. ಅಲ್ಲಿನ ಬಂಕುಗಳಲ್ಲಿ 85 ಆಕ್ಟೇನ್ ಪೆಟ್ರೋಲ್ ಅಗ್ಗಕ್ಕೆ ಸಿಗುತ್ತದೆ. 87 ಹಾಕಿಸಿ.

ಈಗ ಎತ್ತರ. ಕೊಡಚಾದ್ರಿ 1,343 ಮೀಟರ್. ಡೆನ್ವರ್ ಊರೇ 1,600 ಮೀಟರ್ ಎತ್ತರದಲ್ಲಿದೆ. ನೀವು ರಾತ್ರಿ ಮಲಗಬೇಕು ಅಂತಿರುವ ಎಸ್ಟೆಸ್ ಪಾರ್ಕ್ 2,290 ಮೀಟರ್, ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತಲೂ ಮೇಲೆ. ಟ್ರೇಲ್ ರಿಜ್ ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಶಿವಮೊಗ್ಗದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು. ಕರ್ಪೂರ ಮೂಸಿದರೆ ಆ ಪಾಲು ಜಾಸ್ತಿ ಆಗಲ್ಲ. ಮೂಗಿಗೆ ತಂಪು ಅನಿಸುತ್ತದೆ, ಅಷ್ಟೇ. ‘ನಾನು ದಿನಾ ತೋಟ ಹತ್ತಿ ಇಳಿಯುವವನು, ನನಗೇನಾಗಲ್ಲ’ ಅನ್ನುವುದೂ ನಡೆಯಲ್ಲ. ಎತ್ತರದ ತೊಂದರೆಗೆ ಗಟ್ಟಿಮುಟ್ಟಾದವರು, ಅಲ್ಲದವರು ಅನ್ನುವ ಲೆಕ್ಕ ಇಲ್ಲ.

ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಕೆಲವರಿಗೆ ಅದಕ್ಕಿಂತ ಕೆಳಗೂ ಆಗುತ್ತದೆ. ಅದೂ ತಕ್ಷಣ ಅಲ್ಲ, ಕೆಲವು ಗಂಟೆ ಬಿಟ್ಟು. ಮೊದಲ ಸಲ ನಾವು ವಿಮಾನ ಇಳಿದ ದಿನವೇ ಎಸ್ಟೆಸ್ ಪಾರ್ಕಿಗೆ ಹೋಗಿ ಮಲಗಿದೆವು. ರಾತ್ರಿ ಎರಡು ಗಂಟೆಗೆ ನನ್ನ ಹೆಂಡತಿ ತಲೆ ಹಿಡಿದು ಎದ್ದು ಕೂತಳು. ಬೆಳಿಗ್ಗೆ ಕೆಳಗಿಳಿದ ಮೇಲೇ ಸರಿಹೋದದ್ದು. ಎರಡನೇ ಸಲ ಡೆನ್ವರ್‌ನಲ್ಲಿ ಮೂರು ರಾತ್ರಿ ಕಳೆದು, ಬೆಟ್ಟಕ್ಕೆ ಹಗಲು ಹೋಗಿ, ಸಂಜೆ ಕೆಳಗೆ ಬಂದು ಮಲಗಿದೆವು. ಏನೂ ಆಗಲಿಲ್ಲ. ಮೇಲೆ ಎಷ್ಟು ಹೊತ್ತು ತಿರುಗಿದಿರಿ ಅನ್ನುವುದಕ್ಕಿಂತ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ತಲೆನೋವಿನ ಜೊತೆ ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಕೆಳಗಿಳಿದು ಆಸ್ಪತ್ರೆಗೆ ಹೋಗಿ.

ನಿಮ್ಮ ಮನೆಯವರ ಬಿಪಿ ಬಗ್ಗೆ ನಾನು ಹೇಳುವುದು ತಪ್ಪಾಗುತ್ತದೆ. ನಿಮ್ಮ ಡಾಕ್ಟರಿಗೆ ಮೂರು ಮಾತು ಕೇಳಿ. 3,700 ಮೀಟರ್ ಎತ್ತರಕ್ಕೆ ಹೋಗಬಹುದಾ? ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿ ಇದೆಯಾ? ಎತ್ತರಕ್ಕೆ ಕೊಡುವ ಅಸಿಟಜೋಲಮೈಡ್ ಮಾತ್ರೆ ಬೇಕಾ, ಇವರಿಗೆ ಆಗಿಬರುತ್ತಾ? ಅಂಗಡಿಯಲ್ಲಿ ನೀವೇ ಕೊಂಡು ನುಂಗಬೇಡಿ.

ಎರಡನೇ ಪ್ರಶ್ನೆ ಕೇಳಲು ಕಾರಣ ಒಣಹವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ. ನಮಗೆ ಬೆವರು ಅಂದರೆ ಅಂಗಿ ಒದ್ದೆಯಾಗುವುದು. ಮೋಆಬ್‌ನಲ್ಲಿ ಅಂಗಿ ಒದ್ದೆಯೇ ಆಗುವುದಿಲ್ಲ. ಬೆವರು ಬಂದ ಕ್ಷಣವೇ ಆರಿ ಹೋಗುತ್ತದೆ. ನಾನು ಬೆವರಿಲ್ಲ, ನೀರು ಬೇಡ ಅನಿಸುತ್ತದೆ. ಮಲೆನಾಡಿನವರು ಮೋಸ ಹೋಗುವುದು ಇಲ್ಲೇ. ಮೋಆಬ್ ಪಕ್ಕದ ಆರ್ಚಸ್ ರಾಷ್ಟ್ರೀಯ ಪಾರ್ಕಿನವರು ಹೇಳುವ ಲೆಕ್ಕ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರ್ ಹತ್ತಿರ. ಬಾಯಾರಿಕೆ ಕಾಯಬೇಡಿ. ಜೊತೆಗೆ ಉಪ್ಪಿನಂಶ ಇರುವ ತಿಂಡಿಯೂ ಬೇಕು, ಬರೀ ನೀರು ಸಾಲದು. ತುಟಿ ಒಡೆಯುತ್ತದೆ, ಮೂಗು ಉರಿಯುತ್ತದೆ. ಸಣ್ಣ ಶೀಶೆಯಲ್ಲಿ ಕೊಬ್ಬರಿ ಎಣ್ಣೆ ಇಟ್ಟುಕೊಳ್ಳಿ. ಆರ್ಚಸ್ ಪಾರ್ಕಿನ ಒಳಗೆ ತಿಂಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಎಲ್ಲ ಮೋಆಬ್‌ನಲ್ಲೇ ತುಂಬಿಸಿಕೊಂಡು ಹೋಗಬೇಕು.

ಮರುಭೂಮಿಯಲ್ಲಿ ನೀರಿಲ್ಲದ್ದು ಒಂದು ಅಪಾಯವಾದರೆ, ನೀರು ಬರುವುದು ಇನ್ನೊಂದು. ಇದು ನಿಮಗೆ ಬೇಗ ಅರ್ಥ ಆಗುತ್ತದೆ. ಮೇಲೆ ಘಟ್ಟದಲ್ಲಿ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದರೂ ಹಳ್ಳ ಕೆಂಪಾಗಿ ಬರುತ್ತದೆ, ಸಂಕ ದಾಟಬಾರದು ಅಂತ ನಮ್ಮ ಮಕ್ಕಳಿಗೂ ಗೊತ್ತು. ಅಲ್ಲಿ ಕಾಡಿಲ್ಲ, ನೀರು ಹೀರುವ ಮಣ್ಣಿಲ್ಲ, ಬರೀ ಬಂಡೆ. ಹಾಗಾಗಿ ಹಳ್ಳ ನಿಮಿಷಗಳಲ್ಲಿ ಏರುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಜಯಾನ್‌ನ ಒಂದು ಇಕ್ಕಟ್ಟಾದ ಕಣಿವೆಯಲ್ಲಿ ಹೀಗೆ ನೀರು ನುಗ್ಗಿ ಏಳು ಜನ ತೀರಿಕೊಂಡರು. ಮೋಡ ಕಂಡ ದಿನ ಇಕ್ಕಟ್ಟಿನ ಕಣಿವೆಗೆ ಇಳಿಯಬೇಡಿ. ರಸ್ತೆಗೆ ಅಡ್ಡ ನೀರು ಹರಿಯುತ್ತಿದ್ದರೆ ಗಾಡಿ ಇಳಿಸಬೇಡಿ.

ದೂರದ ಲೆಕ್ಕ ಹೇಳಿದರೆ ನಿಮ್ಮ ಯೋಜನೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತದೆ. ಡೆನ್ವರ್‌ನಿಂದ ಮೋಆಬ್‌ಗೆ 570 ಕಿಲೋಮೀಟರ್. ಜಯಾನ್‌ನಿಂದ ಡೆನ್ವರ್‌ಗೆ ವಾಪಸ್ ಸುಮಾರು 1,000. ನೀವು ಅದಕ್ಕೆ ಒಂದೇ ದಿನ ಇಟ್ಟಿದ್ದೀರಿ ಅನಿಸುತ್ತದೆ. ಆ ದಾರಿಯಲ್ಲಿ ಯೂಟಾದ ಸಲೈನಾ ಮತ್ತು ಗ್ರೀನ್ ರಿವರ್ ಊರುಗಳ ನಡುವೆ ಸುಮಾರು 170 ಕಿಲೋಮೀಟರ್ ದೂರ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಇಲ್ಲ. ನೆಟ್ಟಗಿನ ರಸ್ತೆ, ಗಾಢ ಬಿಸಿಲು, ಪಕ್ಕದಲ್ಲಿ ಮಾತಾಡಿ ಮಾತಾಡಿ ಸುಸ್ತಾದ ಹೆಂಡತಿ. ತಿರುವಿನಲ್ಲಿ ನಿಮಗೆ ನಿದ್ದೆ ಬರಲ್ಲ. ಅಲ್ಲಿ ಬರುತ್ತದೆ. ಸಂಜೆಯಾದ ಮೇಲೆ ನಮ್ಮಲ್ಲಿ ಕಡವೆ ಅಡ್ಡ ಬಂದ ಹಾಗೆ ಅಲ್ಲಿ ಎಲ್ಕ್, ಜಿಂಕೆ ಬರುತ್ತವೆ. ಕತ್ತಲಾಗುವ ಮೊದಲು ಊರು ಸೇರಿಬಿಡಿ.

ರಸ್ತೆಯ ಬಲಬದಿಯಲ್ಲಿ ಓಡಿಸುವುದು ನೇರ ರಸ್ತೆಯಲ್ಲಿ ಒಂದು ಗಂಟೆಗೆ ರೂಢಿಯಾಗುತ್ತದೆ. ತಪ್ಪುವುದು ಬಂಕಿನಿಂದ, ಪಾರ್ಕಿಂಗ್‌ನಿಂದ ಖಾಲಿ ರಸ್ತೆಗೆ ಬರುವಾಗ. ಕೈ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಅದಕ್ಕೆ ನನ್ನ ಹೆಂಡತಿಗೆ ಒಂದು ಕೆಲಸ ವಹಿಸಿದ್ದೆ. ಪ್ರತಿ ಸಲ ಗಾಡಿ ಹೊರಡುವಾಗ ‘ಬಲಕ್ಕೆ’ ಅಂತ ಬಾಯಿಬಿಟ್ಟು ಹೇಳಬೇಕು. ಎರಡು ಪ್ರವಾಸದಲ್ಲಿ ಒಂದು ಸಲವೂ ಬಿಡದೆ ಹೇಳಿದಳು. ಮೊದಲ ಎರಡು ದಿನ ಅಳಿಯನನ್ನು ಪಕ್ಕ ಕೂರಿಸಿಕೊಂಡು ಅವರ ಬಡಾವಣೆಯಲ್ಲೇ ಓಡಿಸಿ. ತಿರುವಿನಲ್ಲಿ ಹಾರ್ನ್ ಹೊಡೆಯುವ ನಮ್ಮ ಅಭ್ಯಾಸ ಅಲ್ಲಿ ಬೇಡ. ಹಿಂದೆ ಗಾಡಿ ಸಾಲುಗಟ್ಟಿದರೆ ಬದಿಯ ಜಾಗದಲ್ಲಿ ನಿಲ್ಲಿಸಿ ದಾರಿ ಬಿಡಿ. ನಿಧಾನ ಹೋಗಲು ಯಾರಿಗೂ ನಾಚಿಕೆ ಬೇಡ.

ಹಾಗಾದರೆ ಏನು ಮಾಡಬಹುದು? ನಿಮ್ಮ ಯೋಜನೆಯಂತೆಯೇ ಪೂರ್ತಿ ಸುತ್ತು ಹೊಡೆಯಬಹುದು, ಆದರೆ ಎಂಟು ದಿನಕ್ಕೆ ಅದು ಬಿಗಿ. ಹತ್ತು ದಿನ ಮಾಡಿ, ವಾಪಸ್ ದಾರಿಯಲ್ಲಿ ಒಂದು ರಾತ್ರಿ ತಂಗಿದರೆ ಸರಿ. ಡೆನ್ವರ್ ಬಿಟ್ಟ ಮೇಲೆ ಐ-70 ಹೆದ್ದಾರಿ 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗ ಹೊಕ್ಕು ಹೋಗುತ್ತದೆ. ಲಾರಿಗಳ ನಡುವೆ ಉದ್ದುದ್ದ ಇಳಿಜಾರು. ಬಲಬದಿಯ ಓಟ ಹೊಸತಾಗಿರುವಾಗಲೇ ಇದು ಎದುರಾಗುತ್ತದೆ ಅನ್ನುವುದೇ ನನ್ನ ಅಳುಕು.

ನನ್ನನ್ನು ಕೇಳಿದರೆ ಹೀಗೆ ಮಾಡಿ. ಟ್ರೇಲ್ ರಿಜ್‌ಗೆ ವಾರದ ಕೊನೆಯ ರಜೆಯಲ್ಲಿ ಮಗಳು, ಅಳಿಯನ ಜೊತೆ ಹೋಗಿ ಬನ್ನಿ. ಅವರೇ ಓಡಿಸಲಿ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನ ಗುಡುಗು ಏಳುವ ಮೊದಲು ಇಳಿಯಿರಿ. ಅಲ್ಲಿ 18 ಕಿಲೋಮೀಟರ್‌ವರೆಗೆ ಒಂದು ಮರವೂ ಇಲ್ಲ, ಸಿಡಿಲಿಗೆ ನಿಮ್ಮ ತಲೆಯೇ ಎತ್ತರ. ಆ ಸಮಯಕ್ಕೆ ಕೆಲವೊಮ್ಮೆ ಹಿಮ ಬಿದ್ದು ರಸ್ತೆ ಮುಚ್ಚುವುದೂ ಉಂಟು, ಹಾಗಾಗಿ ಹಿಂದಿನ ದಿನ ವಿಚಾರಿಸಿ. ಸೆಪ್ಟೆಂಬರ್ ಕೊನೆಗೆ ಆಸ್ಪೆನ್ ಮರಗಳೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿರುತ್ತವೆ. ಓಡಿಸುವ ಕೆಲಸ ಇಲ್ಲದಿದ್ದರೆ ಅದನ್ನು ನೀವೂ ನೋಡಬಹುದು.

ಆಮೇಲೆ ಡೆನ್ವರ್‌ನಿಂದ ಬೆಳಿಗ್ಗೆ ಕ್ಯಾಲಿಫೋರ್ನಿಯಾ ಜೆಫಿರ್ ರೈಲು ಹತ್ತಿ ಗ್ರ್ಯಾಂಡ್ ಜಂಕ್ಷನ್‌ಗೆ ಹೋಗಿ. ಸುಮಾರು ಎಂಟು ಗಂಟೆಯ ದಾರಿ, ತಡ ಆಗುವುದು ಮಾಮೂಲು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿ ರೈಲಿನಲ್ಲಿ ಹೋಗಿದ್ದರೆ ಆ ಖುಷಿ ಏನು ಅಂತ ನಿಮಗೆ ಗೊತ್ತು. ಇಲ್ಲಿ ಪಕ್ಕದಲ್ಲೇ ಕೊಲರಾಡೊ ನದಿ. ಮರುದಿನ ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಕಾರು ತಗೊಂಡು ಮೋಆಬ್‌ಗೆ 180 ಕಿಲೋಮೀಟರ್. ಅಲ್ಲಿ ಎರಡು ರಾತ್ರಿ. ಆಮೇಲೆ ಟೋರಿ, ಅಲ್ಲಿಂದ 12ನೇ ನಂಬರಿನ ರಸ್ತೆಯಲ್ಲಿ ಬ್ರೈಸ್, ಕೊನೆಗೆ ಜಯಾನ್. ಈ 12ನೇ ನಂಬರಿನಲ್ಲಿ ಬೋಲ್ಡರ್ ಊರು ದಾಟಿದ ಮೇಲೆ ಸ್ವಲ್ಪ ದೂರ ಎರಡೂ ಬದಿ ಕಣಿವೆ ಇದೆ, ಮನೆಯವರಿಗೆ ಮೊದಲೇ ಹೇಳಿಡಿ. ಬ್ರೈಸ್ ಕ್ಯಾನಿಯನ್ನಿನ ಅಂಚು 2,400 ಮೀಟರಿಗೂ ಮೇಲಿದೆ. ಅಲ್ಲಿ ಮಲಗದೆ ಕೆಳಗಿನ ಟ್ರಾಪಿಕ್ ಊರಿನಲ್ಲಿ ರೂಮು ಮಾಡಿ. ಜಯಾನ್‌ನಿಂದ ಲಾಸ್ ವೇಗಸ್ ಮೂರು ಗಂಟೆಯೊಳಗೆ. ಕಾರು ಅಲ್ಲೇ ಬಿಟ್ಟು ವಿಮಾನದಲ್ಲಿ ಡೆನ್ವರ್‌ಗೆ ಬನ್ನಿ. ಬೇರೆ ಊರಲ್ಲಿ ಕಾರು ಬಿಟ್ಟರೆ ಬಾಡಿಗೆಯವರು ಜಾಸ್ತಿ ದುಡ್ಡು ತಗೊಳ್ಳುತ್ತಾರೆ. ಆ 1,000 ಕಿಲೋಮೀಟರ್ ತಪ್ಪುವುದಕ್ಕೆ ಅದನ್ನು ಕೊಡಬಹುದು ಅಂತ ನನ್ನ ಅಭಿಪ್ರಾಯ.

ಕಾಗದಪತ್ರ: ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಊರಿನ ಲೈಸೆನ್ಸೂ ಜೊತೆಗಿರಲಿ. ಕಾರಿನ ವಿಮೆಯಲ್ಲಿ ಎದುರಿನವರಿಗೆ ಆಗುವ ನಷ್ಟವೂ ಸೇರಿರಬೇಕು. ಪ್ರವಾಸದ ವಿಮೆಯಲ್ಲಿ ಬಿಪಿ ಇರುವುದನ್ನು ಬರೆಸಲೇಬೇಕು. ಪಾರ್ಕಿನ ವಾರ್ಷಿಕ ಪಾಸ್ 2026ರ ಜನವರಿಯಿಂದ ಅಲ್ಲಿ ವಾಸ ಇಲ್ಲದವರಿಗೆ 250 ಡಾಲರ್ ಆಗಿದೆ. ಪಾಸ್ ಇಲ್ಲದೆ ಹೋದರೆ ರಾಕಿ (ಟ್ರೇಲ್ ರಿಜ್ ಇರುವ ಪಾರ್ಕ್), ಬ್ರೈಸ್, ಜಯಾನ್ ಒಂದೊಂದರಲ್ಲೂ ತಲಾ 100 ಡಾಲರ್ ಹೆಚ್ಚುವರಿ. ನಿಮ್ಮ ದಾರಿಗೆ ಪಾಸೇ ಲಾಭ. ಮ್ಯಾಪ್ ಮೊಬೈಲ್‌ಗೆ ಮೊದಲೇ ಇಳಿಸಿಕೊಳ್ಳಿ, ಬಹಳ ಕಡೆ ಸಿಗ್ನಲ್ ಸಿಗಲ್ಲ.

ಇನ್ನು ಕೊಡೆ. ಖಂಡಿತ ತನ್ನಿ ಅಂತ ಮನೆಯವರಿಗೆ ಹೇಳಿ. ಆರ್ಚಸ್‌ನ ಡೆಲಿಕೇಟ್ ಆರ್ಚ್ ನೋಡಲು ಹೋಗಿ ಬರುವುದು ಸೇರಿ ಐದು ಕಿಲೋಮೀಟರ್ ಹತ್ತಿರ ನಡೆಯಬೇಕು. ಬರೀ ಬಂಡೆ, ನೆರಳು ಅಂತ ಒಂದಿಲ್ಲ. ನನ್ನ ಹೆಂಡತಿ ಶಿವಮೊಗ್ಗದಿಂದ ಒಯ್ದಿದ್ದ ಕಪ್ಪು ಕೊಡೆ ಬಿಚ್ಚಿಕೊಂಡು ಹತ್ತಿದಳು. ಅರ್ಧ ದಾರಿಯಲ್ಲಿ ಬಿಸಿಲಿಗೆ ಕೂತುಬಿಟ್ಟಿದ್ದ ಒಬ್ಬ ಅಜ್ಜಿಯನ್ನೂ ಅದರ ಕೆಳಗೆ ಕೂರಿಸಿಕೊಂಡು ನೀರು ಕೊಟ್ಟಳು. ಗಾಳಿ ಜೋರಿರುತ್ತದೆ, ಕಡ್ಡಿ ಗಟ್ಟಿ ಇರುವ ಕೊಡೆಯೇ ಆಗಲಿ.